ನ್ಯೂಟ್ರಲ್ ಬೀಳದ ಮೇಷ್ಟ್ರು

ನಂಜನಗೂಡಿನ ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಮೊದಲ ವಾರ ಒಂದು ದೃಶ್ಯ ಅರ್ಥವಾಗುವುದಿಲ್ಲ. ಹಿರಿಯರೊಬ್ಬರು ಹಳೆಯ ಯೆಜ್ಡಿ ಬೈಕಿನ ಮೇಲೆ ಕೂತು, ಎಮ್ಮೆ ನಡೆಯುವಷ್ಟು ನಿಧಾನವಾಗಿ ಸಾಗುತ್ತಿರುತ್ತಾರೆ. ಪಕ್ಕದಲ್ಲಿ ಬೀದಿಯವರೊಬ್ಬರು ಹಾಲಿನ ಕ್ಯಾನು ಹಿಡಿದುಕೊಂಡೋ, ಪಂಚೆ ಎತ್ತಿ ಕಟ್ಟಿಕೊಂಡೋ ಸರಸರ ನಡೆಯುತ್ತ ಮಗಳ ಮದುವೆ, ಬಿಪಿ ಮಾತ್ರೆ, ಕಂದಾಯದ ವಿಷಯ ಮಾತಾಡುತ್ತಿರುತ್ತಾರೆ. ಬೀದಿ ಮುಗಿಯುವಷ್ಟರಲ್ಲಿ ಮಾತು ಮುಗಿಯಬೇಕು. ಮುಗಿಯದಿದ್ದರೆ ಬೈಕು ಒಂದು ಸುತ್ತು ಹಾಕಿಕೊಂಡು ಬರುತ್ತದೆ. ಅಷ್ಟರಲ್ಲಿ ಇವರು ಯೋಚಿಸಿಕೊಂಡಿರಬಹುದು.

ಅವರೇ ಯೆಜ್ಡಿ ಮೇಷ್ಟ್ರು. ಹೆಸರು ಬೇಡ. ಮೈಸೂರು ಜಿಲ್ಲೆಯ ಪ್ರತಿ ಊರಿನಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ನಂಜನಗೂಡಿನಲ್ಲಿ ಮನೆ, ತಿರುಮಕೂಡಲು ನರಸೀಪುರದಲ್ಲಿ ಶಾಲೆ, ಪಾಠ ಮಾಡಿದ್ದು ಗಣಿತ. ದಕ್ಷಿಣ ಕಾಶಿಯಲ್ಲಿ ಮಲಗಿ ಎದ್ದು, ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆನ್ನುವ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರಕ್ಕೆ ಹೋಗಿ ಬರುವ ಪುಣ್ಯವನ್ನು ಸರ್ಕಾರವೇ ಸಂಬಳ ಕೊಟ್ಟು ಮಾಡಿಸಿತು. ಅದನ್ನೆಲ್ಲ ಹೊತ್ತದ್ದು ಆ ಬೈಕು.

ಇಂಗ್ಲೆಂಡಿನಲ್ಲಿ ಈ ಜಾತಿಯ ಜನ ಎಂ.ಜಿ., ಟ್ರಯಂಫ್ ಎಂಬ ಎರಡು ಸೀಟಿನ ತೆರೆದ ಕಾರುಗಳ ಕೆಳಗೆ ಭಾನುವಾರ ಪೂರ್ತಿ ಮಲಗಿರುತ್ತಾರಂತೆ. ನಮ್ಮ ಕಡೆ ಅಂಥ ಕಾರು ಕಂಡವರಿಲ್ಲ. ನಮಗೆ ಸ್ಪೋರ್ಟ್ಸ್ ಕಾರೂ ಅದೇ, ಮನೆದೇವರೂ ಅದೇ: ಜಾವಾ, ಆಮೇಲೆ ಯೆಜ್ಡಿ. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕಥೆಯನ್ನು ಮೇಷ್ಟ್ರು ಹೇಳಲು ಶುರುಮಾಡಿದರೆ ಅದು ಪ್ರಾಗಿನಿಂದ ಆರಂಭವಾಗುತ್ತದೆ. ಯಾನೆಚೆಕ್ ಎಂಬ ಜೆಕ್ ಎಂಜಿನಿಯರು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಬೈಕಿನ ಹಕ್ಕು ಕೊಂಡ. ತನ್ನ ಹೆಸರಿನ ‘ಜಾ’, ಅದರ ಹೆಸರಿನ ‘ವಾ’ ಸೇರಿಸಿದ. ‘ಸವರ್ಣದೀರ್ಘವೂ ಅಲ್ಲ, ಗುಣಸಂಧಿಯೂ ಅಲ್ಲ, ಶುದ್ಧ ವ್ಯಾಪಾರ ಸಂಧಿ’ ಎಂದು ಮೇಷ್ಟ್ರು ಇಲ್ಲಿ ಪ್ರತಿ ಸಲವೂ ನಗುತ್ತಾರೆ. ಕಾರ್ಖಾನೆ ನಡೆಸಿದ ಇರಾನಿ ಮನೆತನ, ಒಂದೇ ಕಡ್ಡಿಯಲ್ಲಿ ಕಿಕ್ಕರೂ ಗೇರೂ, ಗೇರಿನ ಕಡ್ಡಿ ತುಳಿದರೆ ಕ್ಲಚ್ಚು ತಾನೇ ಬಿಟ್ಟುಕೊಳ್ಳುವ ಜಾಣತನ ಇವೆಲ್ಲ ಬಂದು, 1973ರಲ್ಲಿ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಮೂಡುವ ಹೊತ್ತಿಗೆ ಕೇಳುವವನು ಬೀದಿಯ ತುದಿ ಮುಟ್ಟಿರುತ್ತಾನೆ.

1996ರಲ್ಲಿ ಕಾರ್ಖಾನೆ ನಿಂತಿತು. ಮೇಷ್ಟ್ರ ಮನೆಯಲ್ಲಿ ಅಂದು ಒಲೆ ಹಚ್ಚಲಿಲ್ಲ ಎಂಬುದು ಉತ್ಪ್ರೇಕ್ಷೆ. ಹಚ್ಚಿದರು, ಆದರೆ ಒಗ್ಗರಣೆ ಹಾಕಲಿಲ್ಲ. ‘ಇನ್ನು ನಮ್ಮ ಗಾಡಿಗೆ ನಾವೇ ಗತಿ’ ಎಂದವರು ಮರುವರ್ಷದ ಒಂದು ಭಾನುವಾರ, ಕ್ಲಚ್ಚು ಜಾರುತ್ತಿದೆ ಎಂಬ ನೆಪದಲ್ಲಿ, ಹಿತ್ತಿಲಿನಲ್ಲಿ ಗೋಣಿತಾಟು ಹಾಸಿ ಬೈಕಿನ ಎಡಗಡೆಯ ಕವರು ಬಿಚ್ಚಿದರು.

ಆ ಭಾನುವಾರಕ್ಕೆ ನಾನು ಸಾಕ್ಷಿ. ಟ್ಯೂಷನ್ನಿಗೆಂದು ಹೋದ ನನ್ನ ಕೈಗೆ ಪುಸ್ತಕದ ಬದಲು ಟಾರ್ಚು ಬಂತು. ಗೇರ್ ಎಣ್ಣೆಯನ್ನು ಇಳಿಸಿಕೊಂಡದ್ದು ಹುಳಿ ಮಾಡುವ ಬೋಗುಣಿಗೆ. ಕ್ಲಚ್ಚಿನ ಸ್ಪ್ರಿಂಗು ಒತ್ತಿ ಹಿಡಿದದ್ದು ಅನ್ನದ ಸೌಟಿನಿಂದ. ಒಂದು ಪಿನ್ನು ಹಾರಿ ಪಕ್ಕದ ಮನೆಯ ಬಾವಿಕಟ್ಟೆಗೆ ಹೋಯಿತು. ಅದನ್ನು ಹುಡುಕಿಕೊಟ್ಟ ಮಗುವಿಗೆ ನಾಲ್ಕಾಣೆ. ಕ್ಲಚ್ಚಿನ ಒಳಗೆ ಬೆಂಡಿನ ಪ್ಲೇಟು ಒಂದು, ಉಕ್ಕಿನ ಪ್ಲೇಟು ಒಂದು, ಹೀಗೆ ಉದ್ದಿನವಡೆ ಪೇರಿಸಿದಂತೆ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತವೆ. ಹಿಡಿ ಒತ್ತಿದಾಗ ಅವು ಕೂದಲೆಳೆಯಷ್ಟು ದೂರವಾಗಬೇಕು, ಬಿಟ್ಟಾಗ ಅಪ್ಪಿಕೊಳ್ಳಬೇಕು. ಬೆಂಡಿನವು ಸವೆದಿದ್ದವು. ಹೊಸದು ಮೈಸೂರಿನಿಂದ ಬಂದಿತ್ತು, ಅಂಗಡಿಯವನ ಪ್ರಕಾರ ಒರಿಜಿನಲ್. ನಿಜವಾದ ನಂಜನಗೂಡು ರಸಬಾಳೆ ಮತ್ತು ನಿಜವಾದ ಯೆಜ್ಡಿ ಪ್ಲೇಟು, ಎರಡನ್ನೂ ಎಲ್ಲರೂ ಮಾರುತ್ತಾರೆ. ಉಕ್ಕಿನ ಪ್ಲೇಟುಗಳನ್ನು ಮೇಷ್ಟ್ರು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಒಂದು ಸ್ವಲ್ಪ ಡೊಂಕು ಅನ್ನಿಸಿತು. ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಹದವಾಗಿ ತಟ್ಟಿ ‘ಸಮತಲ’ ಎಂದರು. ಜ್ಯಾಮಿತಿ ಹೇಳಿಕೊಟ್ಟವರು, ನಾನು ನಂಬಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಉತ್ಸಾಹ ಉಕ್ಕಿ, ಅದೇ ಗೋಣಿತಾಟಿನ ಮೇಲೆ ಮನೆಯ ಇತರ ಯಂತ್ರಗಳಿಗೂ ಪುಣ್ಯ ಹಂಚಿದರು. ಟೇಬಲ್ ಫ್ಯಾನಿಗೆ ಎಣ್ಣೆ, ಹೊಲಿಗೆ ಮಿಷನ್ನಿಗೆ ಎಣ್ಣೆ, ಬಾಗಿಲ ತಿರುಗಣಿಗೆ ಎಣ್ಣೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೈಕಿನ ಕವರು ಮುಚ್ಚಿತು. ಕಿಕ್ಕರು ತುಳಿದರೆ ಮೊದಲ ಏಟಿಗೇ ಸ್ಟಾರ್ಟು. ನಾವಿಬ್ಬರೂ ಕುಣಿಯುವುದೊಂದು ಬಾಕಿ. ಆಗ ಗೋಣಿತಾಟು ಕೊಡವಿದೆವು. ಟಿಂಗ್ ಎಂದು ಒಂದು ವಾಷರು ಬಿತ್ತು.

ಒಳಗೆ ಎರಡು ಪುಟ್ಟ ಹಲ್ಲು, ಹೊರಗೆ ಮೂರು ಕಿವಿ. ಹೊಳೆಯುವ ವಾಷರು. ಮೇಷ್ಟ್ರು ಅದನ್ನು ದೀಪಕ್ಕೆ ಹಿಡಿದರು. ‘ಇದು ಲಾಕ್ ವಾಷರು. ಕ್ಲಚ್ಚಿನ ಹಿಂದುಗಡೇದು’ ಎಂದು ತೀರ್ಪು ಕೊಟ್ಟು, ನಂಜನಗೂಡು ಹಲ್ಲುಪುಡಿಯ ಖಾಲಿ ಡಬ್ಬಿಯಲ್ಲಿ ಹಾಕಿ ದೇವರಗೂಡಿನ ಪಕ್ಕದ ಗೂಡಿನಲ್ಲಿಟ್ಟರು. ಮುಂದಿನ ಭಾನುವಾರ ನೋಡೋಣ ಎಂದರು. ಆ ಭಾನುವಾರ ಇಪ್ಪತ್ತೆಂಟು ವರ್ಷ ಬರಲಿಲ್ಲ.

ಸೋಮವಾರ ಬೆಳಿಗ್ಗೆಯೇ ಫಲ ಕಾಣಿಸಿಕೊಂಡಿತ್ತು. ಕ್ಲಚ್ಚು ಈಗ ಜಾರುವುದಿಲ್ಲ, ಸರಿ. ಆದರೆ ಬಿಡುವುದೂ ಇಲ್ಲ. ಹಿಡಿ ಪೂರ್ತಿ ಒತ್ತಿದರೂ ಬೈಕು ಮೆಲ್ಲಗೆ ಮುಂದಕ್ಕೆ ತೆವಳುತ್ತದೆ, ಮದುವೆ ಮನೆಯಲ್ಲಿ ಊಟದ ಸಾಲು ತೆವಳಿದಂತೆ. ನಿಂತಲ್ಲಿ ನ್ಯೂಟ್ರಲ್ ಬೀಳುವುದಿಲ್ಲ. ತಣ್ಣಗಿರುವಾಗ, ಉರುಳುತ್ತಿರುವಾಗ, ಅದಕ್ಕೆ ಮನಸ್ಸು ಬಂದರೆ ಬೀಳುತ್ತದೆ. ಎಂಜಿನ್ನು ಕಾದ ಮೇಲೆ ಅದೂ ಇಲ್ಲ. ನಿಲ್ಲಬೇಕೆಂದರೆ ಐವತ್ತು ಗಜ ಮೊದಲೇ ಎಂಜಿನ್ ಆರಿಸಿ, ಉರುಳಿಕೊಂಡು ಬಂದು ನಿಲ್ಲಬೇಕು.

ಬೇರೆಯವರಾದರೆ ಮೆಕ್ಯಾನಿಕ್ಕಿನ ಹತ್ತಿರ ಹೋಗುತ್ತಿದ್ದರು. ಮೇಷ್ಟ್ರು ತಮ್ಮ ಬಾಳನ್ನೇ ಬೈಕಿಗೆ ಅಡ್ಜಸ್ಟು ಮಾಡಿಕೊಂಡರು.

ನರಸೀಪುರದ ಶಾಲೆಯಲ್ಲಿ ಇದರ ಪರಿಣಾಮ ಅಗಾಧವಾಯಿತು. ಮೊದಲೆಲ್ಲ ಎರಡು ಸೈಲೆನ್ಸರಿನ ಸದ್ದು ದೂರದಿಂದ ಕೇಳಿದರೆ ಹುಡುಗರು ಗೋಲಿ ಜೇಬಿಗೆ ಹಾಕಿ ಒಳಗೆ ಓಡುತ್ತಿದ್ದರು. ಈಗ ಮೇಷ್ಟ್ರು ಸದ್ದಿಲ್ಲದೆ, ಗರುಡನ ಹಾಗೆ, ಗೇಟಿನೊಳಗೆ ಇಳಿಯತೊಡಗಿದರು. ಮೂಗಿನಿಂದ ಕಂಡುಹಿಡಿಯೋಣವೆಂದರೆ ಟು-ಸ್ಟ್ರೋಕ್ ಹೊಗೆ ಹಿಂದೆ ಬರುತ್ತದೆ, ಮೇಷ್ಟ್ರು ಮುಂದೆ ಬರುತ್ತಾರೆ. ಆ ಶಾಲೆಯ ಶಿಸ್ತಿಗೆ ಹೆಡ್ಮಾಸ್ಟರು ಬಹುಮಾನ ಪಡೆದರು ಎಂದು ಕೇಳಿದ್ದೇನೆ. ಸಲ್ಲಬೇಕಾದದ್ದು ಆ ವಾಷರಿಗೆ.

ಬಂಕಿಗೂ ಅವರು ಹೀಗೆಯೇ ತೇಲಿ ಬರುತ್ತಿದ್ದರು. ಲೀಟರಿಗೆ 40 ಮಿಲಿ ಎಣ್ಣೆ ತಾವೇ ಅಳೆದು ಹಾಕಿ, ಬೈಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೊಟ್ಟಿಲಿನಂತೆ ತೂಗಿ, ಹೊರಡುವಾಗ ‘ಧಡಕ್’. ಮೊದಲ ಗೇರು ಬಿದ್ದರೆ ಬೈಕು ಒಂದು ಅಡಿ ಹಾರುತ್ತದೆ. ಹಿಂದೆ ಕೂತು ಒಮ್ಮೆ ಮಲ್ಲಿಗೆ ದಂಡೆ ಸಮೇತ ರಥಬೀದಿಗೆ ಇಳಿದ ಮೇಲೆ ಅವರ ಮನೆಯವರು ‘ಮೊದಲು ಗೇರು ಬೀಳಲಿ, ಆಮೇಲೆ ನಾನು’ ಎನ್ನುವ ನಿಯಮ ತಂದರು. ಬೈಕು ತೆವಳತೊಡಗಿದ ಮೇಲೆ ಪಕ್ಕದಲ್ಲಿ ನಾಲ್ಕು ಹೆಜ್ಜೆ ನಡೆದು, ಹೊರಟ ಬಸ್ಸು ಹತ್ತುವ ಹಾಗೆ ಹತ್ತುತ್ತಾರೆ. ಆ ಯಮ್ಮನಿಗೆ ದೂರಲು ಬೇರೆ ವಿಷಯಗಳೂ ಇದ್ದವು. ಹೊಲಿಗೆ ಮಿಷನ್ನು ಮೊದಲಿನ ಹಾಗಿಲ್ಲ, ದಪ್ಪ ಬಟ್ಟೆ ಸಿಕ್ಕಿದರೆ ಚಕ್ರ ತಿರುಗುತ್ತದೆ, ಸೂಜಿ ನಿಲ್ಲುತ್ತದೆ ಎನ್ನುತ್ತಿದ್ದರು. ‘ವಯಸ್ಸಾಯ್ತು ಕಣೇ ಅದಕ್ಕೆ’ ಎಂದು ಮೇಷ್ಟ್ರು ತತ್ವಜ್ಞಾನಿಯಾಗುತ್ತಿದ್ದರು. ಮೈಸೂರಿನ ಮೊಮ್ಮಗನ ಶಾಲೆಯ ಪ್ಯಾಂಟಿನ ಅಂಚನ್ನು ಆ ಯಮ್ಮ ಕೈಯಲ್ಲೇ ಚಕ್ರ ಹಿಡಿದು ತಿರುಗಿಸಿ ಹೊಲಿದರು.

ತಿರುಮಕೂಡಲಿನ ಕುಂಭಮೇಳ, 1989ರಲ್ಲಿ ಶುರುವಾದದ್ದು, ಮೂರು ವರ್ಷಕ್ಕೊಮ್ಮೆ ಬರುತ್ತದೆ. ಒಂದು ಮೇಳದಲ್ಲಿ ಪೊಲೀಸರು ಕೈ ಅಡ್ಡ ಹಿಡಿದು ಇಡೀ ರಸ್ತೆಯನ್ನು ನಿಲ್ಲಿಸಿದ್ದಾಗ ಮೇಷ್ಟ್ರೊಬ್ಬರೇ ಮುಂದೆ ಮುಂದೆ ತೆವಳುತ್ತಿದ್ದರು. ‘ನಿಲ್ಸಿ ಅಂದ್ರೆ ಕೇಳ್ಸಲ್ವಾ?’ ಎಂದ ಪೇದೆಗೆ ‘ನಾನು ನಿಲ್ಸಿದೀನಪ್ಪಾ, ಅದು ನಿಂತಿಲ್ಲ’ ಎಂದರು. ಪೇದೆ ಹತ್ತನೇ ತರಗತಿಯಲ್ಲಿ ಅವರ ಶಿಷ್ಯನಾಗಿದ್ದವನು. ಬೈಕಿನ ಜೊತೆ ಹತ್ತು ಮಾರು ನಡೆದು, ಕುಶಲ ವಿಚಾರಿಸಿ, ಸೆಲ್ಯೂಟು ಹೊಡೆದು ಹಿಂದಿರುಗಿದ.

‘ಯಾಕೆ ಮೇಷ್ಟ್ರೇ, ಆ ವಾಷರು ಹಾಕಿಸಿಬಿಡಬಾರದೆ?’ ಎಂದು ನಾನೇ ಎಷ್ಟೋ ಸಲ ಕೇಳಿದ್ದೇನೆ. ಅವರ ಉತ್ತರ ಗಣಿತದ್ದು: ‘ಹಾಕಬೇಕಾದರೆ ಬಿಚ್ಚಬೇಕು. ಬಿಚ್ಚಿದ ಒಂದು ಸಲಕ್ಕೆ ಒಂದು ಉಳಿದಿದೆ. ಎರಡನೇ ಸಲಕ್ಕೆ ಎರಡು. ಇದು ಶ್ರೇಢಿ, ಎಲ್ಲಿಗೆ ಹೋಗಿ ನಿಲ್ಲುತ್ತೆ?’ ಇನ್ನೂ ಒತ್ತಾಯಿಸಿದರೆ ತಿರುಮಕೂಡಲಿನ ಸಂಗಮದ ಉದಾಹರಣೆ ಬರುತ್ತದೆ. ಕಾವೇರಿ ಕಾಣುತ್ತೆ, ಕಪಿಲೆ ಕಾಣುತ್ತೆ, ಸ್ಫಟಿಕ ಸರೋವರ ಕಾಣಲ್ಲ, ಹಾಗಂತ ಅದು ಇಲ್ಲವೇ? ಬೈಕು ತೀರಾ ಹಟ ಹಿಡಿದ ದಿನ ಮಾತ್ರ ಶ್ರೀಕಂಠೇಶ್ವರನ ಗೋಪುರದ ಕಡೆ ತಿರುಗಿ ಕೈಮುಗಿಯುತ್ತಾರೆ. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನನೇ ಹಕೀಮ ನಂಜುಂಡ ಎಂದು ಕರೆದ ದೇವರು. ಹೊಗೆ ಕುಡಿಯುವುದೂ ವಿಷಕಂಠನಿಗೆ ಹೊಸದಲ್ಲ.

ಮೊನ್ನೆಯ ಜುಲೈ. ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಮೈಸೂರಿನಲ್ಲಿ ಸೇರಿದ ಹುಡುಗರ ಗುಂಪಿನ ಒಬ್ಬ ಬೆಂಗಳೂರಿನ ಹುಡುಗ ನಂಜನಗೂಡಿಗೂ ಬಂದ. ಅವನ ಬೈಕಿನ ಕ್ರೋಮಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ಮೇಷ್ಟ್ರ ಬೈಕಿನ ಪಕ್ಕ ಹತ್ತು ಹೆಜ್ಜೆ ನಡೆದವನೇ ‘ಸಾರ್, ಕ್ಲಚ್ ಹಿಡ್ಕೊಂಡಿದೆ. ಅರ್ಧ ಗಂಟೆ ಕೊಡಿ’ ಎಂದ. ಮೇಷ್ಟ್ರು ಬೆವೆತರು. ಹುಡುಗ ಟೂಲಿನ ಚೀಲ ಬಿಚ್ಚಿಯಾಗಿತ್ತು.

ಅದೇ ಹಿತ್ತಿಲು, ಬಹುಶಃ ಅದೇ ಗೋಣಿತಾಟು. ಈ ಸಲ ಟಾರ್ಚು ಮೇಷ್ಟ್ರ ಕೈಯಲ್ಲಿ. ಹುಡುಗ ಸೌಟು ಕೇಳಲಿಲ್ಲ. ಪ್ಲೇಟುಗಳನ್ನು ಒಂದೊಂದಾಗಿ ತೆಗೆದು ಗಾಜಿನ ತುಂಡೊಂದರ ಮೇಲಿಟ್ಟು ಬೆರಳಿನಿಂದ ಒತ್ತಿದ. ಮೂರನೆಯ ಉಕ್ಕಿನ ಪ್ಲೇಟು ‘ಟಕ್ ಟಕ್’ ಎಂದು ತೂಗಾಡಿತು. ‘ಇದು ನೋಡಿ ಸಾರ್, ಬಾಣಲೆ ಆಗಿದೆ. ಯಾರೋ ತಟ್ಟಿದಾರೆ.’ ನಾನು ಒಗೆಯುವ ಕಲ್ಲನ್ನು ನೋಡಿದೆ. ಮೇಷ್ಟ್ರೂ ನೋಡಿದರು. ಆ ಕಲ್ಲಿನ ನಡುವೆ ತಲೆಮಾರುಗಳ ಬಟ್ಟೆ ಒಗೆದು ಆದ ತಗ್ಗು, ಪ್ಲೇಟಿನ ನಡುವೆ ಅದೇ ತಗ್ಗು.

‘ಅದಿರಲಿ, ಈ ವಾಷರು?’ ಎಂದು ಮೇಷ್ಟ್ರು ಹಲ್ಲುಪುಡಿ ಡಬ್ಬಿ ತಂದು, ಅಸ್ಥಿಕುಂಭ ಕೊಡುವವರ ಹಾಗೆ ಎರಡೂ ಕೈಯಿಂದ ಕೊಟ್ಟರು. ಹುಡುಗ ವಾಷರನ್ನು ಬೋಲ್ಟಿಗೆ ಹಿಡಿದ, ಶಾಫ್ಟಿಗೆ ಹಿಡಿದ, ತಲೆ ಕೆರೆದುಕೊಂಡ. ‘ಇದು ಯೆಜ್ಡೀದೇ ಅಲ್ಲ ಸಾರ್. ಇಲ್ಲಿ ಎಲ್ಲಾ ವಾಷರೂ ಸರಿಯಾಗಿದಾವೆ.’

ಕಾಫಿ ತಂದಿದ್ದ ಆ ತಾಯಿ ತಟ್ಟೆ ಕೆಳಗಿಟ್ಟು ಬಗ್ಗಿ ನೋಡಿದರು. ಎರಡು ಹಲ್ಲು, ಮೂರು ಕಿವಿ. ‘ಅಯ್ಯೋ, ಇದು ನನ್ನ ಮಿಷನ್ನಿನ ಚಕ್ರದ್ದು!’

ಮೇಷ್ಟ್ರು ಬಾಯಿ ಬಿಡಲಿಲ್ಲ. ಆ ತಾಯಿ ವಾಷರನ್ನು ಸೆರಗಿನಿಂದ ಒರೆಸಿಕೊಂಡು ಒಳಗೆ ಹೋದರು. ಕಾಫಿ ಆರಿತು.

ಹೊಸ ಪ್ಲೇಟು ಹುಡುಗನ ಚೀಲದಲ್ಲೇ ಇತ್ತು. ಕವರು ಮುಚ್ಚಿ, ಎಣ್ಣೆ ತುಂಬಿ, ಬೈಕನ್ನು ಬೀದಿಗೆ ತಂದೆವು. ಮೇಷ್ಟ್ರು ಒಂದು ಸುತ್ತು ಹೋಗಿ ಬಂದು ಮನೆಯ ಮುಂದೆ ಕ್ಲಚ್ಚು ಹಿಡಿದರು. ಬೈಕು ನಿಂತಿತು. ಕಾಲು ಎತ್ತಿದರೆ ನ್ಯೂಟ್ರಲ್ಲು, ಬೆಣ್ಣೆಗೆ ಬೆರಳಿಟ್ಟ ಹಾಗೆ ಬಿತ್ತು. ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಎಲ್ಲೂ ತಡೆಯದೆ ಕಟಕಟ ಎಂದು ಕೇಳಿಬರುತ್ತಿತ್ತು. ದಪ್ಪ ಬಟ್ಟೆಯೇ ಇರಬೇಕು.

ಅಷ್ಟರಲ್ಲಿ ಎದುರು ಮನೆಯವರು ಚೀಲ ಹಿಡಿದು ಹೊರಬಂದರು. ‘ಮೇಷ್ಟ್ರೇ, ಆ ಖಾತೆ ವಿಷಯ ಏನಾಯ್ತು ಅಂದ್ರೆ...’ ಎಂದು ಶುರುಮಾಡಿದವರು, ಅಭ್ಯಾಸಬಲದಿಂದ ಕೈಬೀಸಿಕೊಂಡು, ಎಡಕ್ಕೆ ತಿರುಗಿ ಮಾತಾಡುತ್ತ ಮಾತಾಡುತ್ತ, ಬೀದಿಯ ತುದಿಯವರೆಗೂ ಒಬ್ಬರೇ ನಡೆದುಕೊಂಡು ಹೋದರು.