ಪರದೇಶಿ ಫೋನ್ ಮೀಮಾಂಸೆ

ಅಮೆರಿಕದಿಂದ ರಜೆಗೆ ಬಂದ ಮಗ ವಾಪಸು ಹೊರಡುವ ಹಿಂದಿನ ರಾತ್ರಿ ‘ಇದು ನಿಮಗಿರಲಿ ಅಪ್ಪ, ನಾನು ಹೊಸದು ತಗೊಂಡಿದೀನಿ’ ಎಂದು ಮೇಜಿನ ಮೇಲಿಟ್ಟು ಹೋಗುವ ಫೋನನ್ನು ಈ ಶಾಸ್ತ್ರದಲ್ಲಿ ‘ಆಗಂತುಕ’ ಎನ್ನಲಾಗಿದೆ. ಅದಕ್ಕೆ ಊರಿನ ಸಿಮ್ ಕೂಡಿಬರುವುದೇ ‘ಸಂಯೋಗ’. ಸಂಯೋಗ ಸಿದ್ಧಿಸದ ಆಗಂತುಕವು ವೈಫೈ ಇರುವಷ್ಟು ಜಾಗದಲ್ಲಿ ಫೋನಾಗಿದ್ದು, ಗೇಟು ದಾಟಿದೊಡನೆ ಗಡಿಯಾರವಾಗುತ್ತದೆ. ಹೀಗೇಕೆ ಎಂಬುದೇ ಪ್ರಬಂಧದ ವಿಷಯ. ಮನೆಯಲ್ಲಿ ಇಂಥದೊಂದು ಫೋನಿದ್ದು, ಅದರ ಬಗ್ಗೆ ಮಗನನ್ನು ಕೇಳಲು ಸಂಕೋಚಪಡುವವರೇ ಇದನ್ನು ಓದಲು ಅಧಿಕಾರಿಗಳು.

ಪೂರ್ವಪಕ್ಷಿಗಳಲ್ಲಿ ತರಂಗವಾದಿಗಳು ಅತ್ಯಂತ ಪ್ರಾಚೀನರು. ದೋಷ ಆಕಾಶದಲ್ಲಿದೆ ಎನ್ನುತ್ತಾರೆ. ಒಂದು ಕಾಲಕ್ಕೆ ಅವರ ಮಾತು ನಿಜವೇ ಆಗಿತ್ತು. ಜಿಎಸ್‌ಎಂ ನಮ್ಮಲ್ಲೂ ಯುರೋಪಿನಲ್ಲೂ 900 ಮತ್ತು 1800 ಮೆಗಾಹರ್ಟ್ಸ್‌ನಲ್ಲಿ ಸಂಚರಿಸುತ್ತಿದ್ದಾಗ ಅಮೆರಿಕದಲ್ಲಿ ಅದೇ ಜಿಎಸ್‌ಎಂ 850 ಮತ್ತು 1900ರಲ್ಲಿತ್ತು. ಅಲ್ಲಿನ ಸಿಡಿಎಂಎ ಫೋನುಗಳಲ್ಲಂತೂ ಹಲವಕ್ಕೆ ಸಿಮ್ ಎಂಬ ಅಂಗವೇ ಇರಲಿಲ್ಲ. ನಾಲ್ಕೂ ಬ್ಯಾಂಡು ಬಲ್ಲ ಫೋನುಗಳು ಬಂದ ಮೇಲೆ ವಾದ ಸಡಿಲವಾಯಿತು. ಅಮೆರಿಕದಲ್ಲಿ ಕೊಂಡ ಈಗಿನ ಐಫೋನು ನಮ್ಮ 4ಜಿಯ 850, 1800, 2300 ಮೂರನ್ನೂ ಹಿಡಿಯುತ್ತದೆ. ಆದರೂ ಈ ಪಂಥ ನಿರ್ನಾಮವಾಗಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚಿನ ಮೇಲೆ ಕೂತ ನಿವೃತ್ತರಲ್ಲಿ ಒಬ್ಬರಾದರೂ ‘ಫ್ರೀಕ್ವೆನ್ಸಿ ಮ್ಯಾಚ್ ಆಗ್ತಿಲ್ಲ ರೀ’ ಎನ್ನದೆ ಏಳುವುದಿಲ್ಲ.

ಎರಡನೆಯವರು ಆಕಾರವಾದಿಗಳು. ಇವರ ಉದಯಕಾಲವನ್ನು ಖಚಿತವಾಗಿ ಹೇಳಬಹುದು: 2022ರ ಸೆಪ್ಟೆಂಬರ್. ಆ ತಿಂಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಐಫೋನ್ 14ರಲ್ಲಿ ಸಿಮ್ ಇಡುವ ಟ್ರೇ ಇರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಇ-ಸಿಮ್ ಮಾತ್ರ. ಅದೇ ಫೋನು ಚೀನಾದಲ್ಲಿ ಎರಡು ಮೂರ್ತ ಸಿಮ್‌ಗಳನ್ನು ಧರಿಸಿತು. ಭಾರತದಲ್ಲಿ ಒಂದು ಮೂರ್ತ, ಇನ್ನೊಂದು ಅಮೂರ್ತ. ಹೀಗಾಗಿ ಚೀನಾದ್ದು ದ್ವೈತ, ಅಮೆರಿಕದ್ದು ನಿರಾಕಾರೋಪಾಸನೆ, ನಮ್ಮದು ವಿಶಿಷ್ಟಾದ್ವೈತ ಎಂದು ವರ್ಗೀಕರಿಸಿದರೆ ಮೇಲುಕೋಟೆಯವರು ತಕರಾರು ಮಾಡಲಾರರೆಂದು ನಂಬಿದ್ದೇವೆ.

ನಿರಾಕಾರ ಫೋನು ಸಾಕಾರವಾದಿಯ ಕೈಗೆ ಸಿಕ್ಕಾಗ ಆಗುವುದನ್ನು ಯಾವ ಮೊಬೈಲ್ ಅಂಗಡಿಯಲ್ಲೂ ನೋಡಬಹುದು. ಹುಡುಗ ಪಿನ್ನು ಹಿಡಿದು ಎಡಬದಿ ನೋಡುತ್ತಾನೆ, ನುಣುಪು. ಬಲಬದಿ, ನುಣುಪು. ತಲೆಯ ಕಡೆಯೂ ಅಷ್ಟೇ. ಕೆಳಗೆ ಚಾರ್ಜಿಂಗ್ ಕಿಂಡಿಯ ಪಕ್ಕ ಸಾಲಾಗಿ ತೂತುಗಳು ಕಾಣುತ್ತವೆ. ಪಿನ್ನು ಅತ್ತ ಹೊರಟಾಗ ಯಜಮಾನರು ‘ಏಯ್, ಅದು ಮೈಕು!’ ಎಂದು ಕೂಗದಿದ್ದರೆ ಆಗಂತುಕಕ್ಕೆ ಮೂಕತ್ವ ಪ್ರಾಪ್ತಿ. ಕೊನೆಗೆ ಹುಡುಗ ‘ಅಂಕಲ್, ಇದು ಡ್ಯೂಪ್ಲಿಕೇಟು’ ಎಂದು ತೀರ್ಪು ಕೊಡುತ್ತಾನೆ. ಇ-ಸಿಮ್ ಪಡೆಯಲು ಬೇಕಾದ ಕ್ಯೂಆರ್ ಚೌಕವನ್ನು ತೋರಿಸಲು ಸಾಮಾನ್ಯವಾಗಿ ಇನ್ನೊಂದು ಫೋನು ಬೇಕಾಗುತ್ತದೆಂಬುದೂ ಇಲ್ಲಿ ಗಮನಾರ್ಹ. ಊರಿನ ಸಾಕ್ಷಿಯಿಲ್ಲದೆ ಪರದೇಶಿಗೆ ಮನೆಪ್ರವೇಶವಿಲ್ಲ.

ಸಂಸ್ಕಾರವಾದಿಗಳನ್ನು ಬೇಗ ಮುಗಿಸೋಣ. ಹುಟ್ಟಿದೂರಿನ ಗುಣ ಬಿಡದು ಎನ್ನುವ ಇವರು 2013ರ ಗ್ಯಾಲಕ್ಸಿ ನೋಟ್ 3ರ ಡಬ್ಬಿಯನ್ನು ಪ್ರಮಾಣವಾಗಿ ಹಿಡಿಯುತ್ತಾರೆ. ಯುರೋಪಿನಲ್ಲಿ ಮಾರಿದ ಆ ಡಬ್ಬಿಯ ಮೇಲೆ ಯುರೋಪಿನ ಸಿಮ್ ಮಾತ್ರ ನಡೆಯುತ್ತದೆಂಬ ಚೀಟಿ ಅಂಟಿಸಿತ್ತು. ಸ್ಯಾಮ್‌ಸಂಗ್‌ನ ಇಂಥ ಕೆಲವು ಫೋನುಗಳಿಗೆ ಮಾರಿದ ಸೀಮೆಯ ಸಿಮ್ ಹಾಕಿ 5 ನಿಮಿಷ ಮಾತಾಡಿಸುವುದೇ ಉಪನಯನ. ದುಬೈಯಲ್ಲಿ ಕೊಂಡು ಭಟ್ಕಳಕ್ಕೋ ಮಂಗಳೂರಿಗೋ ತಂದ ಐಫೋನಿನಲ್ಲಿ ಫೇಸ್‌ಟೈಮ್ ಕಾಣೆಯಾಗಿರುವುದೂ ಇವರ ಬತ್ತಳಿಕೆಯಲ್ಲಿದೆ.

ಇನ್ನು ಸಿದ್ಧಾಂತ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕರಂತೆ, ಪರದೆಯ ಮೇಲೆ ‘ಸಿಮ್ ನಾಟ್ ಸಪೋರ್ಟೆಡ್’ ಕಂಡಲ್ಲಿ ತೀರದ ಕಂತನ್ನು ಊಹಿಸತಕ್ಕದ್ದು. ಅಲ್ಲಿನ ಹಲವು ಕಂಪನಿಗಳು 24 ಅಥವಾ 36 ತಿಂಗಳ ಕಂತಿನಲ್ಲಿ ಫೋನು ಕೊಟ್ಟು, ಬಾಕಿ ತೀರುವತನಕ ಬೇರೆಯವರ ಸಿಮ್ ಒಪ್ಪದಂತೆ ಬೀಗ ಹಾಕುತ್ತವೆ. ಕಂತು ತೀರಿದ ಮೇಲೂ ಬೀಗ ಉಳಿಯುವುದುಂಟು, ತೆಗೆಯಿರಿ ಎಂದು ಯಾರೂ ಕೇಳದ ಕಾರಣಕ್ಕೆ. ಮೊದಲ ಐಫೋನು 2007ರ ಜೂನ್‌ನಲ್ಲಿ ಒಂದೇ ಕಂಪನಿಗೆ ಬೀಗಬದ್ಧವಾಗಿ ಹೊರಬಂದಾಗ, ಆಗಸ್ಟ್ ಮುಗಿಯುವುದರೊಳಗೆ ನ್ಯೂಜೆರ್ಸಿಯ 17ರ ಹುಡುಗ ಜಾರ್ಜ್ ಹಾಟ್ಸ್ ಬೆಸುಗೆ ಕಡ್ಡಿ ಹಿಡಿದು ಅದನ್ನು ಬಿಡಿಸಿದ್ದ. ಒಡೆಯ ತನ್ನ ಫೋನಿನ ಬೀಗ ತೆಗೆದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು 2014ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಒಬಾಮ ಸಹಿ ಹಾಕಿದರು. ಬೀಗಕ್ಕೂ ಕೃತಿಸ್ವಾಮ್ಯಕ್ಕೂ ಏನು ಸಂಬಂಧವೆಂದು ಕೇಳುವ ಶಿಷ್ಯನನ್ನು ಪಾಠದಿಂದ ಹೊರಗೆ ಕಳಿಸತಕ್ಕದ್ದು.

ಮುಕ್ತಿಯ ಲಕ್ಷಣ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್, ಅಲ್ಲಿ ‘ಕ್ಯಾರಿಯರ್ ಲಾಕ್’ ಎಂಬ ಸಾಲಿನಲ್ಲಿದೆ. ಎದುರಿಗೆ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂಬ ಮಹಾವಾಕ್ಯ ಕಂಡರೆ ಫೋನು ಜೀವನ್ಮುಕ್ತ. ಕಾಣದಿದ್ದರೆ ಸ್ಟಾರ್ ಹ್ಯಾಷ್ ಸೊನ್ನೆ ಆರು ಹ್ಯಾಷ್ ಒತ್ತಿ, ಮೂಡುವ 15 ಅಂಕಿಯ ಐಎಂಇಐ ಬರೆದುಕೊಂಡು ಮಗನಿಗೆ ಕಳಿಸಬೇಕು. ಅವನು ಕಂಪನಿಯನ್ನು ಬೇಡಬೇಕು. ಸಂಕೋಚಪಡುವ ಅಧಿಕಾರಿಗಳಿಗೆ ಶಾಸ್ತ್ರದಲ್ಲಿ ಬೇರೆ ದಾರಿಯಿಲ್ಲ, ಅಮ್ಮನಿಂದ ಕೇಳಿಸುವುದೊಂದನ್ನು ಬಿಟ್ಟು.

‘ಅಮ್ಮ, ಅದರ ಕಂತು ಇನ್ನೂ ಹನ್ನೊಂದು ಬಾಕಿ ಇದೆ. ತೀರಿದ ಮೇಲೆ ಅನ್‌ಲಾಕ್ ಮಾಡಿಸ್ತೀನಿ. ಅಷ್ಟರಲ್ಲಿ ಮುಂದಿನ ಮಾಡೆಲ್ ಬರತ್ತೆ, ಅದನ್ನೇ ತರಲಾ?’

‘ಬೇಡ ಕಣೋ. ಬರುವಾಗ ಎರಡು ಕೆಜಿ ಬಾದಾಮಿ ತಗೊಂಡು ಬಾ, ಸಾಕು.’