‘ನಾನು ಸುಟ್ಟುಹೋದರೇ ನಿಮ್ಮ ಮನೆ ಉಳಿಯೋದು!’

ಮಾರಿಕುಪ್ಪಂ ರೈಲು ನಿಲ್ದಾಣದಾಚೆ, ಗಣಿ ಕಾರ್ಮಿಕರ ಹಳೆಯ ಲೈನು ಮನೆಯೊಂದರ ಮೀಟರ್ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸ್ ಮಹಾಶಯರು ಸಂದರ್ಶನಕ್ಕೆ ಸಿಕ್ಕರು. ಕರೆಂಟ್ ಹೋಗಿತ್ತಾದ್ದರಿಂದ ಬಿಡುವಾಗಿದ್ದರು.

ಪ್ರಶ್ನೆ: ನಮಸ್ಕಾರ. ತಮ್ಮ ವಂಶದ ಹಿನ್ನೆಲೆ?

ಫ್ಯೂಸ್: ಅಮೆರಿಕದ ಎಡಿಸನ್ ಸಾಹೇಬರು 1890ರಲ್ಲಿ ನಮ್ಮ ಹೆಸರಲ್ಲಿ ಪೇಟೆಂಟ್ ತಗೊಂಡರು. ಈ ಊರಿಗೆ ಕರೆಂಟ್ ಬಂದದ್ದು 1902ರಲ್ಲಿ, ಶಿವನಸಮುದ್ರದಿಂದ, ಸುಮಾರು 147 ಕಿ.ಮೀ. ತಂತಿ ಎಳೆದು. ಚಿನ್ನ ಇಲ್ಲಿತ್ತು ನೋಡಿ, ಬೆಂಗಳೂರು 1905ರವರೆಗೆ ಕತ್ತಲಲ್ಲೇ ಕಾಯಿತು. 2001ರಲ್ಲಿ ಗಣಿ ಮುಚ್ಚಿತು. ಈಗ ನಮ್ಮವರೇ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ.

ಪ್ರಶ್ನೆ: ತಮ್ಮ ಉದ್ಯೋಗ?

ಫ್ಯೂಸ್: ಸಾಯೋದು. ಮಿತಿಮೀರಿ ಕರೆಂಟ್ ಹರಿದರೆ, ಗೋಡೆಯೊಳಗಿನ ವೈರ್ ಕಾಯೋ ಮುಂಚೆ ನಾನು ಕರಗಬೇಕು.

ಪ್ರಶ್ನೆ: ಆದರೆ ತಮ್ಮ ತಂತಿ ತುಸು ದಪ್ಪವಾಗಿದೆಯಲ್ಲ?

ಫ್ಯೂಸ್: ಪದೇ ಪದೇ ಹೋಗ್ತೀನಿ ಅಂತ ಮನೆಯವರಿಗೆ ಬೇಸರ. ಹಳೇ ವೈರಿನ ತಾಮ್ರದ ಎಳೆಗಳನ್ನು ಹೊಸೆದು ಕಟ್ಟಿಬಿಟ್ಟರು. ಈಗ ನಾನು ಚಿರಂಜೀವಿ. ಸುಡೋದೇನಿದ್ದರೂ ಮನೆಯೇ.

ಪ್ರಶ್ನೆ: ಸಿಡಿಲಿನ ಹೊಡೆತ ಲೈನಿನಲ್ಲಿ ಬಂದರೆ?

ಫ್ಯೂಸ್: ಆ ಕೇಸು ನನ್ನದಲ್ಲ ಸ್ವಾಮಿ. ಅದು ಮೈಕ್ರೊಸೆಕೆಂಡುಗಳ ಆಟ. ನಾನು ಕಾದು ಕರಗೋದರೊಳಗೆ ಟಿವಿ ತೀರಿಕೊಂಡಿರುತ್ತೆ. ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಬೇಕು. ಒಳಗಡೆ ಸತುವಿನ ಆಕ್ಸೈಡಿನ ಬಿಲ್ಲೆ, 1960ರ ದಶಕದ ಕೊನೆಯಲ್ಲಿ ಜಪಾನಿನ ಮಾತ್ಸುಶಿತಾ ಕಂಪನಿಯವರು ಕಂಡುಹಿಡಿದದ್ದು. ಮಾಮೂಲಿ ವೋಲ್ಟೇಜಿಗೆ ದಾರಿ ಬಿಡಲ್ಲ. ವೋಲ್ಟೇಜ್ ನೆಗೆದ ಕೂಡಲೇ ಹೊಡೆತವನ್ನು ನೆಲಕ್ಕೆ ದಾಟಿಸುತ್ತೆ. ಪ್ರತಿ ಹೊಡೆತಕ್ಕೂ ಒಂದಿಷ್ಟು ಸವೆಯುತ್ತೆ. ಸತ್ತಾಗ ಹಸಿರು ಗುರುತು ಕೆಂಪಾಗುತ್ತೆ. ನೋಡೋರು ಯಾರು?

ಪ್ರಶ್ನೆ: ಹಾಕಿಸಿದರೆ ನಿಶ್ಚಿಂತೆ ಅನ್ನಿ.

ಫ್ಯೂಸ್: ಅರ್ಥಿಂಗ್ ಇದ್ದರೆ! ಚಿನ್ನಕ್ಕಾಗಿ ಮೂರು ಕಿ.ಮೀ.ಗೂ ಆಳಕ್ಕೆ ಇಳಿದ ಊರಿದು. ಅರ್ಥಿಂಗ್‌ಗೆ ಒಂದು ಗುಂಡಿ ತೋಡಿ ಅಂದರೆ, ‘ಅಷ್ಟು ಆಳ ಯಾಕೆ?’ ಅಂತಾರೆ.

ಪ್ರಶ್ನೆ: ತಮ್ಮ ಉತ್ತರಾಧಿಕಾರಿ ಎಂಸಿಬಿ ಬಗ್ಗೆ?

ಫ್ಯೂಸ್: ಜರ್ಮನಿಯ ಸ್ಟೋಟ್ಜ್ ಕಂಪನಿಯ ಕೂಸು, 1924ರ ಪೇಟೆಂಟ್. ಬುದ್ಧಿವಂತ. ಸಾಯಲ್ಲ, ಬೀಳುತ್ತೆ. ಎತ್ತಿದರೆ ಮತ್ತೆ ಡ್ಯೂಟಿಗೆ ಹಾಜರು.

ಪ್ರಶ್ನೆ: ಅಂದರೆ ಜನ ಈಗ ಸುಧಾರಿಸಿದ್ದಾರೆ?

ಫ್ಯೂಸ್: ಪಕ್ಕದ ಮನೆಯಲ್ಲಿ 16 ಆಂಪಿಯರಿನದು ಆಗಾಗ ಬೀಳುತ್ತೆ ಅಂತ ಕಿತ್ತು, 32ರದ್ದು ಹಾಕಿಸಿದ್ದಾರೆ. ಗೋಡೆಯೊಳಗಿನ ವೈರ್ ಮಾತ್ರ ಹಳೇದೇ. ಎಚ್ಚರಿಸೋರನ್ನು ವರ್ಗ ಮಾಡಿ, ತಲೆಯಾಡಿಸೋರನ್ನು ತಂದು ಕೂರಿಸೋದು ನಿಮ್ಮ ವಿಧಾನಸೌಧದಿಂದ ಕಲಿತ ವಿದ್ಯೆ ತಾನೇ?