ಮುಂದೆ ಹಳಿ ಇಲ್ಲ

ಶಿವಮೊಗ್ಗ ಬಿಟ್ಟು ಕುಂಸಿ, ಅರಸಾಳು, ಆನಂದಪುರಂ, ಸಾಗರ ದಾಟಿ ಬಂದ ರೈಲು ತಾಳಗುಪ್ಪದಲ್ಲಿ ನಿಲ್ಲಲೇಬೇಕು. ಮುಂದೆ ಹಳಿಯೇ ಇಲ್ಲ. ಆ ನಿಲ್ದಾಣವನ್ನೇ ಮಾತಿಗೆಳೆದಾಗ:

ಕೊನೇ ಸ್ಟೇಷನ್ ಅನ್ನಿಸಿಕೊಳ್ಳೋದು ಬೇಜಾರಾ?

ಕೊನೆ ಅಂತ ಯಾಕಂತೀರಿ ಮಾರಾಯ್ರೇ? ಬೆಂಗಳೂರಿಗೆ ಹೊರಟವರಿಗೆ ನಾನೇ ಮೊದಲು. ಕಿಟಕಿಯಿಂದ ಕರ್ಚೀಫ್ ಎಸೆಯದೆ ಸೀಟು ಸಿಗುವ ಜಾಗ ಇದು.

ರೈಲು ಬಂದ ಮೇಲೆ ನಿಮಗೇನು ಕೆಲಸ?

ಎಂಜಿನ್ ಕಳಚಬೇಕು, ಪಕ್ಕದ ಹಳಿಯಲ್ಲಿ ಓಡಿಸಿ ಆಚೆ ತುದಿಗೆ ತರಬೇಕು, ಕೊಂಡಿ ಸಿಕ್ಕಿಸಿ ಬ್ರೇಕಿನ ಗಾಳಿ ಪೈಪು ಜೋಡಿಸಬೇಕು. ಇಲ್ಲಿಗೆ ಬಂದದ್ದೆಲ್ಲ ಮುಖ ತಿರುಗಿಸಿಕೊಂಡು ಹೋಗುವುದೇ. ಸರ್ವೆಯವರೂ ಅಷ್ಟೇ.

ಹೊನ್ನಾವರ ಮಾರ್ಗದ ಸರ್ವೆಯಾ?

ಮತ್ತಿನ್ನೆಂತದು! ಕೊಂಕಣ ರೈಲಿಗೆ ನನ್ನನ್ನು ಕೂಡಿಸಬೇಕು ಅಂತ ಜನ ಕೇಳಿ ಕೇಳಿ ಸುಸ್ತಾದರು. ಚುನಾವಣೆ ಬಂದರೆ ನಕ್ಷೆಯಲ್ಲಿ ಘಟ್ಟ ಇಳಿಯುತ್ತೇನೆ, ಎಣಿಕೆ ಮುಗಿದರೆ ವಾಪಸ್ ಹತ್ತುತ್ತೇನೆ. ನಡುವೆ ಶರಾವತಿ ಕಣಿವೆಯ ಕಾಡಿದೆ, ಸಿಂಗಳೀಕಗಳಿವೆ. ಅವನ್ನು ಓಡಿಸಿ ಹಳಿ ಹಾಕಿ ಅಂತ ನಾನಂತೂ ಹೇಳುವುದಿಲ್ಲ. ಆಗುತ್ತದೆ ಅಂತಲೋ ಆಗುವುದಿಲ್ಲ ಅಂತಲೋ ಒಂದು ಮಾತು ಹೇಳಿ ಸಾಕು. ಹೆಣ್ಣು ನೋಡಿ ಉಪ್ಪಿಟ್ಟು ತಿಂದು ಹೋದವರು ಸುದ್ದಿಯೇ ಹೇಳದಿದ್ದರೆ ಹ್ಯಾಗೆ?

ಅರಸಾಳಿನ ಮೇಲೆ ಹೊಟ್ಟೆಕಿಚ್ಚಂತೆ?

ಇರದೆ ಏನು? ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆಯಲು ಬಂದು ಅವಳಿಗೆ ಇಲ್ಲದ ಊರಿನ ಹೆಸರಿಟ್ಟರು. ಆ ಪುಣ್ಯಕ್ಕೆ 2020ರಲ್ಲಿ ಹಳೇ ಕಟ್ಟಡ ಮ್ಯೂಸಿಯಂ ಆಯಿತು, ಸೆಲ್ಫಿಗೆ ನೂಕುನುಗ್ಗಲು. ನನ್ನ ಮಗ್ಗುಲಲ್ಲಿ ಜೋಗವೇ ಇದೆ, ಅದೂ ನಿಜವಾದ್ದು! ಅಲ್ಲಿಗೆ ಹೋಗುವವರು ಇಳಿದ ಕೂಡಲೇ ಬಸ್ಸು ಹುಡುಕುತ್ತಾರೆ, ನನ್ನ ಬೋರ್ಡನ್ನೂ ನೋಡುವುದಿಲ್ಲ.

ಮೀಟರ್ ಗೇಜ್ ಕಾಲ ನೆನಪಾಗುತ್ತದಾ?

ಕಡೆಗಾಲದಲ್ಲಿ ಒಂದೇ ಡಬ್ಬಿಯ ರೈಲ್‌ಬಸ್ ಓಡುತ್ತಿತ್ತು. ರೈಲೋ ಬಸ್ಸೋ ಅಂತ ಅದಕ್ಕೇ ಅನುಮಾನ. 2011ರಲ್ಲಿ ಬ್ರಾಡ್ ಗೇಜ್ ಬಂತು. ಹಳಿ ಅಗಲವಾಯಿತು, ಉದ್ದ ಮಾತ್ರ ಆಗಲಿಲ್ಲ.

ನಾನೀಗ ರೈಲಲ್ಲೇ ಹೊನ್ನಾವರಕ್ಕೆ ಹೋಗಬೇಕೆಂದರೆ?

ಧಾರಾಳವಾಗಿ ಹೋಗಿ. ಮೊದಲು ಬಂದ ದಾರಿಯಲ್ಲೇ ಶಿವಮೊಗ್ಗ. ಆಮೇಲೆ ಬೀರೂರು, ಅರಸೀಕೆರೆ, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ, ಮಂಗಳೂರು. ಅಲ್ಲಿಂದ ಉಡುಪಿ, ಭಟ್ಕಳ, ಹೊನ್ನಾವರ. ನಡುವೆ ರೈಲು ಬದಲಿಸುತ್ತಾ ಇರಿ. ಬುತ್ತಿ ಎರಡು ಹೊತ್ತಿಗೆ ಕಟ್ಟಿಸಿಕೊಂಡಿದ್ದೀರಿ ತಾನೇ?